ಬಾಕಿ ಉಳಿದ ಬೀಗರೂಟ

ನಮ್ಮ ಹಳೇ ಮನೆಯ ಬಾಗಿಲು ಗಿಡ್ಡ. ಮೀಸೆ ಬಂದ ಯಾರೇ ಆಗಲಿ ಬಗ್ಗದೆ ಒಳಗೆ ಬರುವ ಹಾಗಿಲ್ಲ. ಪಕ್ಕದಲ್ಲೇ ನಾನು ಕಟ್ಟಿಸಿದ ಹೊಸ ಮನೆಯಿದೆ, ಅದರ ಬಾಗಿಲಲ್ಲಿ ಎತ್ತಿನ ಗಾಡಿ ನುಗ್ಗಿಸಬಹುದು. ಆದರೂ ಹಳೆಯದನ್ನು ಕೆಡವಲು ನಾನು ಬಿಟ್ಟಿಲ್ಲ. ಮೊನ್ನೆ ಟೀವಿಯವರು ನಮ್ಮ ಲೋಡ್ ಗ್ಯಾಂಗಿನ ಮೇಲೆ ಕಾರ್ಯಕ್ರಮ ಮಾಡಲು ಬಂದಿದ್ದರು. ಬೆಸಗರಹಳ್ಳಿ ದಾಟಿ ನಮ್ಮೂರು ಹುಡುಕಿಕೊಂಡು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕ್ಯಾಮೆರಾ ಹೊತ್ತ ಹುಡುಗ ಹಳೇ ಮನೆಯೊಳಗೆ ನುಗ್ಗಲು ಹೋಗಿ ಹಣೆ ಬಡಿಸಿಕೊಂಡ. ಅವ್ವ ಒಳಗಿನಿಂದಲೇ ಕೂಗಿದಳು:

"ಬಗ್ಗಿ ಬಾ ಮಗ. ಈ ಬಾಕ್ಲು ಯಾರ್ ಮುಲಾಜೂ ನೋಡಾಕಿಲ್ಲ. ಎಮ್ಮೆಲ್ಲೆ ಬಂದ್ರೂ ಬಗ್ಗುಸ್ತದೆ."

ಆ ಹುಡುಗ ಹಣೆ ಉಜ್ಜಿಕೊಳ್ಳುತ್ತಾ, ರ‍್ಯಾಪ್ ಎಲ್ಲಿ ಕಲಿತಿರಿ ಸರ್ ಎಂದು ಕೇಳಿದ. ಎಲ್ಲರೂ ಕೇಳುವ ಪ್ರಶ್ನೆ ಅದು. ನಮ್ಮ ಗ್ಯಾಂಗಿನಲ್ಲಿ ಮೂರು ಜನ. ತಾಳ ಹಾಕುವ ಸಿದ್ದರಾಜು, ಧ್ವನಿಮುದ್ರಣ ನೋಡಿಕೊಳ್ಳುವ ಇಮ್ರಾನ್, ಪದ ಕಟ್ಟಿ ಹೇಳುವ ನಾನು, ಮಾದೇಶ. ಇಮ್ರಾನ್ ಆದರೆ ಮೊಬೈಲಿನಲ್ಲಿ ಕಲಿತೆವು ಅನ್ನುತ್ತಾನೆ. ನಾನು ಒಳಗೆ ಕರೆದುಕೊಂಡು ಹೋಗಿ ಪಡಸಾಲೆಯ ಮೂಲೆಯ ರಾಗಿಕಲ್ಲನ್ನು ತೋರಿಸುತ್ತೇನೆ. ಆ ಹುಡುಗ ಕಲ್ಲಿನ ಚಿತ್ರ ತೆಗೆದುಕೊಂಡ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ರಾಗಿ ತುಂಬಿಡುವ ಒಂದು ಕತ್ತಲೆ ಕೋಣೆ. ಮೇಲೆ ಅರ್ಧ ನಾಡಹೆಂಚು, ಅರ್ಧ ಶೀಟು. ಅಪ್ಪ, ಅವ್ವ, ರತ್ನಕ್ಕ, ನಾನು. ಅಪ್ಪ ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಲಾರಿಗೆ ಲೋಡು ಮಾಡುತ್ತಿದ್ದ. ಊರಿಗೆ ಹಿಟ್ಟಿನ ಮಿಲ್ಲು ಬಂದು ಎಷ್ಟೋ ಕಾಲವಾಗಿದ್ದರೂ ಅವ್ವ ಕಲ್ಲು ಬಿಟ್ಟಿರಲಿಲ್ಲ. ಮಿಲ್ಲಿನ ಹಿಟ್ಟು ಸುಟ್ಟ ವಾಸನೆ ಅನ್ನುತ್ತಿದ್ದಳು. ನಿಜ ಸಂಗತಿ ಅದಲ್ಲ. ಕಲ್ಲು ತಿರುಗಿದರೆ ಅವಳಿಗೆ ಪದ ಬರುತ್ತಿತ್ತು. ಒಂದಕ್ಷರ ಓದಲು ಬಾರದ ಹೆಂಗಸು ಕಲ್ಲಿನ ಗೂಟ ಹಿಡಿದು ಕೂತರೆ ಹೊಸ ಸಾಲು ಕಟ್ಟಿ, ಅದನ್ನೇ ತಿರುವಿ ಮುರುವಿ, ಹಿಟ್ಟು ಜರಡಿ ಹಿಡಿಯುವಷ್ಟರಲ್ಲಿ ನಾಲ್ಕು ಸಾಲು ಗಟ್ಟಿ ಮಾಡಿರುತ್ತಿದ್ದಳು. ಸುತ್ತಲ ಹಳ್ಳಿಗಳಲ್ಲಿ ಅವಳ ಹೆಸರೇ ಪದದ ಪುಟ್ಟಮ್ಮ. ನಮ್ಮನೆಯಲ್ಲಿ ಜಗಳವೂ ಪದದಲ್ಲೇ ಮುಗಿಯುತ್ತಿತ್ತು. ಒಂದು ದಿನ ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ತಟ್ಟೆಯನ್ನೇ ದಿಟ್ಟಿಸಿದ.

"ಏನಮ್ಮೀ ಇದು, ಸಾರೋ ಕೆರೆ ನೀರೋ? ಮೀನ್ ಬುಟ್ರೆ ಈಜ್ತವೆ."

ಅವ್ವ ತಲೆ ಎತ್ತಲಿಲ್ಲ. ಒಲೆ ಊದುತ್ತಲೇ ರಾಗ ತೆಗೆದಳು:

"ಕೆರೆ ನೀರೇ ಕಣಯ್ಯ, ಕಟ್ಟೆ ನೀರೇ ಕಣಯ್ಯ,
ಬ್ಯಾಳೆ ತರದ ಗಂಡುಂಗೆ ಬೊಗಸೆ ನೀರೇ ಕಣಯ್ಯ."

ರತ್ನಕ್ಕ ನಕ್ಕು ನಕ್ಕು ಮುದ್ದೆ ನೆತ್ತಿಗೇರಿಸಿಕೊಂಡಳು. ಅಪ್ಪ ಅವಳ ಬೆನ್ನು ಗುದ್ದುತ್ತಾ ತಾನೂ ನಕ್ಕ. ಮಾರನೇ ದಿನ ಬೇಳೆ ಬಂತು. ಮಾತು ಎಷ್ಟು ಚುರುಕಾಗಿದ್ದರೆ ಬೇಳೆ ಅಷ್ಟು ಬೇಗ ಬರುತ್ತದೆ ಎಂದು ನಾನು ಕಲಿತದ್ದು ಆ ಒಲೆಯ ಮುಂದೆ.

ಅವ್ವನ ಹೆಸರು ನಿಂತಿದ್ದು ಬೀಗರ ಪದದ ಮೇಲೆ. ನಮ್ಮ ಕಡೆ ಮದುವೆ ದಿನ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನವರು ಅವರನ್ನು ಪದ ಕಟ್ಟಿ ಆಡಿಕೊಳ್ಳಬೇಕು. ಆಮೇಲೆ ಹೆಣ್ಣಿನವರು ಕುರಿ ಕಡಿದು ಬೀಗರೂಟ ಹಾಕುತ್ತಾರಲ್ಲ, ಆಗ ಗಂಡಿನವರು ಜವಾಬು ಹೇಳಬೇಕು. ಜವಾಬನ್ನು ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ. ಎಲೆ ಮುಂದೆ ಕೂತು, ಮುಖ ನೋಡಿಕೊಂಡು ಹಾಡಬೇಕು. ಯಾರೂ ಕೋಪ ಮಾಡಿಕೊಳ್ಳಬಾರದು, ಯಾರೂ ಸುಳ್ಳು ಹಾಡಬಾರದು. ಕಂಡದ್ದನ್ನೇ ಹಾಡಬೇಕು. ಕಾಣಬೇಕು ಅಂದರೆ ಕಣ್ಣು ಬೇಕು. ಅದಕ್ಕೇ ಪದ ಹೇಳುವ ಹೆಂಗಸರು ಮಕ್ಕಳನ್ನು ನೀರಿನ ಜಗ್ಗು ಕೊಟ್ಟು ಪಂಕ್ತಿಗೆ ಬಿಡುತ್ತಿದ್ದರು. ಯಾರು ಬೆಲ್ಟು ಸಡಿಲ ಮಾಡಿಕೊಂಡರು, ಯಾರ ಚಪ್ಪಲಿ ಬೇರೆಯವರದು, ಎಲ್ಲ ವರದಿ ನಾವು ತರಬೇಕು. ಅವ್ವನಿಗೆ ಆ ಕಣ್ಣು ನಾನೇ.

ರತ್ನಕ್ಕನ ಮದುವೆ ಆದಾಗ ನಾನು ಒಂಬತ್ತನೇ ಕ್ಲಾಸು. ಗಂಡು ಮಳವಳ್ಳಿ ಕಡೆಯದು. ಬೀಗರ ಹೆಸರು ಚಿಕ್ಕಣ್ಣ. ಕಡಿಮೆ ಮಾತಿನ, ನೆಟ್ಟಗೆ ನಡೆಯುವ ಮನುಷ್ಯ. ನಮ್ಮ ಮನೆ ಮುಂದೆಯೇ ಚಪ್ಪರ. ಬೀಗರೂಟಕ್ಕೆ ಎಂದು ಅಪ್ಪ ತಂದಿದ್ದ ಬಂಡೂರು ತಳಿಯ ಟಗರನ್ನು ಹಿತ್ತಲ ನುಗ್ಗೆಮರಕ್ಕೆ ಕಟ್ಟಿದ್ದೆವು. ಧಾರೆ ಮುಗಿದು ಎಲೆ ಹಾಕಿದರು. ನಾನು ಜಗ್ಗು ಹಿಡಿದು ಒಂದು ಸುತ್ತು ಬಂದು ಅವ್ವನ ಕಿವಿಗೆ ಬಾಯಿಟ್ಟೆ.

"ಅವ್ವ, ಬೀಗ್ರು ವಡೆ ಎತ್ತಿ ಹೆಗಲ್ ಮ್ಯಾಗಿನ ವಲ್ಲೀಲಿ ಸುತ್ಕಂಡ್ರು. ಎರಡು."

"ಕಣ್ಣಾರೆ ಕಂಡ್ಯಾ?"

"ಕಂಡೆ ಕಣವ್ವ. ನಿನ್ನಾಣೆ."

ಅವ್ವ ಸೆರಗು ಸಿಕ್ಕಿಸಿಕೊಂಡು, ಹೆಂಗಸರ ಗುಂಪನ್ನು ಹಿಂದಿಟ್ಟುಕೊಂಡು ಪಂಕ್ತಿಯ ಮುಂದೆ ನಿಂತಳು:

"ಬಂದರವ್ವ ಬೀಗ್ರು ಮಳವಳ್ಳಿ ಸೀಮೆಯೋರು,
ಎಲೆಗೊಂದು ವಡೆ ಆದ್ರೆ ವಲ್ಲಿಗೆ ಎರಡು ಎಂದೋರು.
ಬಿಚ್ಚಿ ತೋರ್ಸಿ ಬೀಗ್ರೇ, ಆ ಪಾಲು ಯಾರ್ದು?
ಅಟ್ಟೀಲಿ ದಾರಿ ಕಾಯೋ ಬೆಕ್ಕಿನ ಪಾಲಾ ಅದು?"

ಚಪ್ಪರ ಹಾರಿ ಹೋಗುವ ಹಾಗೆ ಜನ ನಕ್ಕರು. ಗಂಡಿನ ಕಡೆಯವರೂ ನಕ್ಕರು. ಚಿಕ್ಕಣ್ಣ ನಗಲಿಲ್ಲ. ಊಟದ ಕೈಯಲ್ಲೇ ಎದ್ದು, ಎಡಗೈಯಿಂದ ಹೆಗಲ ಮೇಲಿದ್ದ ವಲ್ಲಿ ತೆಗೆದು, ಎಲ್ಲರ ಮುಂದೆ ಬಿಚ್ಚಿದರು. ಬಾಳೆಲೆ ಚೂರಿನಲ್ಲಿ ಸುತ್ತಿದ ವಡೆ. ಎರಡಲ್ಲ, ಮೂರು ಇದ್ದವು. ನಾನು ಎರಡೇ ನೋಡಿದ್ದೆ.

"ನಮ್ಮವ್ವಂಗೆ ಕಣಮ್ಮ," ಎಂದರು. "ಕಾಲು ಸ್ವಾಧೀನ ತಪ್ಪಿ ಮಲ್ಗವ್ಳೆ. ಅವ್ಳೂ ನಿನ್ನಂಗೆ ಪದದೋಳೆ. ಬೀಗಿತಿ ಏನ್ ಪದ ಹೇಳ್ತಾಳೆ ಕೇಳ್ಕಂಡು ಬಾ, ಬರ್ತಾ ವಡೆ ತಕಂಡ್ ಬಾ ಅಂದಿದ್ಲು. ಎರಡೂ ತಕಂಡ್ ಓಯ್ತೀನಿ ಬುಡಿ."

ಎಲೆ ಮಡಿಸಿ, ಕೈ ತೊಳೆದು ಹೊರಟೇಬಿಟ್ಟರು. ಮದುವೆ ಮುರಿಯಲಿಲ್ಲ, ಅಕ್ಕನನ್ನು ಮರ್ಯಾದೆಯಿಂದಲೇ ಕರೆದುಕೊಂಡು ಹೋದರು. ಆದರೆ ಬೀಗರೂಟಕ್ಕೆ ಬರಲಿಲ್ಲ. ಅಪ್ಪ, ಅವ್ವ ಮಳವಳ್ಳಿಗೆ ಹೋಗಿ ಕೈಮುಗಿದು ಬಂದರು. ಚಿಕ್ಕಣ್ಣ ಮಾತ್ರ, ನಂಗೆ ಕ್ವಾಪ ಏನಿಲ್ಲ, ಆದ್ರೆ ನಿಮ್ಮಟ್ಟೀಲಿ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ, ಆ ಬಾಕ್ಲಲ್ಲಿ ಇನ್ನೊಂದ್ಕಿತ ನಾನು ಬಗ್ಗಾಕಿಲ್ಲ ಅಂದರಂತೆ. ವಾಪಸು ಬಂದ ಸಂಜೆ ಅಪ್ಪ ಜಗುಲಿಯಲ್ಲಿ ಕೂತು ಕೇಳಿದ.

"ವಡೆ ಇಚಾರ ಯಾರ್ ಹೇಳುದ್ರು ನಿಂಗೆ?"

ನಾನು ಕಂಬದ ಹಿಂದೆ ನಿಂತಿದ್ದೆ.

"ಯಾರ್ ಯೋಳಾರು? ನಾನೇ ಕಂಡೆ," ಎಂದಳು ಅವ್ವ.

ಅವ್ವ ನನ್ನ ಹೆಸರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಮಾರನೇ ದಿನ ರಾಗಿ ಮಿಲ್ಲಿಗೆ ಹೋಯಿತು. ಕಲ್ಲಿನ ಮೇಲೆ ಗೋಣಿಚೀಲ ಬಿತ್ತು. ಪದ ನಿಂತೇ ಹೋಯಿತು. ಮದುವೆಗಳಿಗೆ ಕರೆಯಲು ಬಂದವರಿಗೆ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದಳು. ಟಗರನ್ನೂ ಕಡಿಯಲು ಬಿಡಲಿಲ್ಲ. ಬೀಗರಿಗೆಂದು ತಂದದ್ದು, ಬೀಗರು ಬಂದಾಗಲೇ ಅಂದಳು. ಅದು ನುಗ್ಗೆಮರದ ಕೆಳಗೆ ತಿಂದು ಕೊಬ್ಬಿ, ಮುದಿಯಾಗಿ, ಕೊನೆಗೆ ತಾನಾಗಿಯೇ ಸತ್ತಿತು. ಹೆಂಚು ಮಳೆಯಲ್ಲಿ ಸೋರಿದಾಗಲೂ ನಮ್ಮ ಮನೆ ನನಗೆ ಬಡವಾಗಿ ಕಂಡಿರಲಿಲ್ಲ. ಆ ವರ್ಷ ಕಂಡಿತು. ಅಪ್ಪ ಸಾರಿಗೆ ಹೆಸರಿಟ್ಟರೆ ಅವ್ವ ಸುಮ್ಮನೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಬೇಕಿರಲಿಲ್ಲ. ಅವ್ವನ ಗಂಟಲನ್ನು ಕಟ್ಟಿದವನು ನಾನು, ಬಿಡಿಸಬೇಕಾದವನೂ ನಾನೇ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಆ ಹಂಗಾಮಿನಲ್ಲೇ ಅಪ್ಪನ ಸೊಂಟ ಹಿಡಿಯಿತು. ನಾನು ಶಾಲೆ ಬಿಟ್ಟು ಅವನ ಜಾಗಕ್ಕೆ ನಿಂತೆ. ಇದನ್ನು ದುಃಖದ ಕಥೆ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಆ ಕೆಲಸ ನನ್ನನ್ನು ಗಂಡಸು ಮಾಡಿತು. ಎಳನೀರು ಲೋಡು ಮಾಡುವುದಕ್ಕೂ ಒಂದು ವಿದ್ಯೆ ಬೇಕು. ಒಂದೊಂದು ಕೈಗೆ ಎರಡೆರಡು ಕಾಯಿ, ಎಸೆದು ಹಿಡಿದು ಜೋಡಿಸುವಾಗ ಒಂದು ಎಣಿಕೆ. ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನಬೇಕು. ಲಾಭ ಲಾಭ, ಎರಡೋ ಎರಡು, ಮೂರೋ ಮೂರು ಎಂದು ಲಾರಿ ತುಂಬುವವರೆಗೂ ರಾಗ ಹರಿಯಬಾರದು, ಉಸಿರು ತಪ್ಪಬಾರದು, ಲೆಕ್ಕವೂ ತಪ್ಪಬಾರದು. ನಾನು ಎಣಿಸಿದ ಲೋಡಿನಲ್ಲಿ ಒಂದು ಕಾಯಿ ಹೆಚ್ಚುಕಮ್ಮಿ ಬಂತು ಎಂದು ದೂರದ ಊರಿನ ಯಾವ ವ್ಯಾಪಾರಿಯೂ ಇದುವರೆಗೆ ಫೋನು ಮಾಡಿಲ್ಲ. ಜೊತೆಗೆ ಲೋಡು ಮಾಡುತ್ತಿದ್ದ ಸಿದ್ದರಾಜು ನನ್ನ ಎಣಿಕೆಗೆ ಲಾರಿಯ ಹಲಗೆ ಬಡಿಯುತ್ತಿದ್ದ. ಹಾಗೆ ಬಡಿಯುವಾಗ ಒಂದು ದಿನ ನನ್ನ ಬಾಯಿಂದ ಎಣಿಕೆಯ ಜೊತೆ ಎರಡು ಸಾಲು ಹೊರಟವು:

"ಒಂಬತ್ತರಲ್ಲಿ ಬುಟ್ಟೆ ಇಸ್ಕೂಲು, ಹತ್ತರಲ್ಲಿ ಅತ್ತಿದೆ ಲಾರಿ,
ಪುಸ್ತಕ ಒರದ ಬೆನ್ನಿನ ಮ್ಯಾಲೆ ಎಳನೀರಿನ ಸವಾರಿ."

ಮಾರ್ಕೆಟ್ಟಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಇಮ್ರಾನ್ ಸ್ಕ್ರೂಡ್ರೈವರು ಕೆಳಗಿಟ್ಟು ಓಡಿ ಬಂದ.

"ಏನ್ಲಾ ಅದು? ಇನ್ನೊಂದ್ಸಲ ಹೇಳು."

"ಏನೂ ಇಲ್ಲ ಕಣ್ಲಾ, ಸುಮ್ನೆ ಗೊಣುಗ್ದೆ."

"ಇದನ್ನ ಗೊಣುಗಾಟ ಅನ್ನಾಕಿಲ್ಲ ಕಣ್ಲಾ ಬಡ್ಡೆತ್ತದೆ, ರ‍್ಯಾಪ್ ಅಂತಾರೆ! ಅಮೇರಿಕದಲ್ಲಿ ಇಂಗೇ ಹೇಳ್ಕಂಡು ಬಂಗಾರದ ಸರ ಆಕ್ಕಂಡವ್ರೆ."

"ನಮ್ಮವ್ವ ಇಂಗೇ ಹೇಳ್ಕಂಡು ಬೀಗ್ರುನ್ನೇ ಓಡ್ಸವ್ಳೆ," ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಹೀಗೆ ಹುಟ್ಟಿತು ಲೋಡ್ ಗ್ಯಾಂಗ್. ಆಗಲೇ ನಾನು ಒಂದು ನಿಯಮ ಹಾಕಿದೆ. ನಮ್ಮ ಪದದಲ್ಲಿ ಯಾರನ್ನಾದರೂ ಆಡಿಕೊಳ್ಳಬೇಕಾದರೆ ಮೊದಲು ನಮ್ಮನ್ನೇ. ಬೇರೆಯವರ ವಲ್ಲಿಯೊಳಗೆ ಏನಿದೆ ಎಂದು ಪೂರ್ತಿ ತಿಳಿಯದೆ ಬಾಯಿ ಬಿಡುವ ಹಾಗಿಲ್ಲ. ಯಾಕೆ ಎಂದು ಅವರಿಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲ ವೇದಿಕೆ ಸಿಕ್ಕಿದ್ದು ದುದ್ದದ ಒಂದು ಗಣಪತಿ ಪೆಂಡಾಲಿನಲ್ಲಿ, ಆರ್ಕೆಸ್ಟ್ರಾದವರು ಟೀ ಕುಡಿಯುವ ಹೊತ್ತಿನಲ್ಲಿ. ಎರಡನೇ ಪದಕ್ಕೇ ಜನ, ಇಳೀರ್ಲಾ ಸಾಕು, ಡ್ಯಾನ್ಸು ಬುಡ್ರಲಾ ಎಂದು ಕೂಗಿದರು. ಇಳಿದೆವು. ಹನಕೆರೆಯಲ್ಲಿ ಮೈಕೇ ಕೊಡಲಿಲ್ಲ. ರೈಲ್ವೆ ಸ್ಟೇಷನ್ನಿನ ಮುಂದೆ ನಿಂತು ಹೇಳಿದೆವು, ರೈಲು ಬಂತು, ಜನ ಹತ್ತಿ ಹೋದರು. ಬೆಂಗಳೂರಿನ ಒಂದು ಸ್ಟುಡಿಯೋದವರು ಕೂರಿಸಿ ಕಾಫಿ ಕೊಟ್ಟು, ಭಾಷೆ ಸ್ವಲ್ಪ ನೀಟ್ ಮಾಡಿಕೊಳ್ಳಿ, ಹಕಾರ ಸರಿಯಾಗಿ ಬರಲಿ ಅಂದರು. ನಮ್ಮವ್ವನ ಬಾಯಲ್ಲಿ ಇಲ್ಲದ ಅಕ್ಷರ ನನ್ನ ಬಾಯಲ್ಲಿ ಎಲ್ಲಿಂದ ಬರಬೇಕು? ಕಾಫಿ ಕುಡಿದು ಎದ್ದು ಬಂದೆವು. ಹಗಲು ಲೋಡು, ಸಂಜೆ ಇಮ್ರಾನನ ಅಂಗಡಿಯ ಶಟರು ಎಳೆದು ರೆಕಾರ್ಡಿಂಗು. ಹೀಗೆ ಐದಾರು ವರ್ಷ ನೂಕಿದೆವು. ಕೊನೆಗೆ ತುಂಬಿದ ಎಳನೀರು ಲಾರಿಯ ಮೇಲೆ ಕೂತು ಮೊಬೈಲಿನಲ್ಲೇ ಒಂದು ವಿಡಿಯೋ ಮಾಡಿ ಬಿಟ್ಟೆವು. ಹಿಂದಿನ ತಾಳ ಸಿದ್ದನ ಹಲಗೆ, ಮುಂದಿನ ತಾಳ ನನ್ನ ಎಣಿಕೆ. ವಾರ ಕಳೆಯುವಷ್ಟರಲ್ಲಿ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಮಾರುವವನ ಮೊಬೈಲಿನಲ್ಲೂ ಲಾಭ ಲಾಭ ಕೇಳುತ್ತಿತ್ತು. ಆಮೇಲಿನದನ್ನು ಎಲ್ಲರೂ ಬಲ್ಲರು. ಸಿನಿಮಾದವರು ಬಂದರು, ಕಾಲೇಜುಗಳು ಕರೆದವು, ನೀಟ್ ಮಾಡಿಕೊಳ್ಳಿ ಅಂದಿದ್ದ ಸ್ಟುಡಿಯೋದವರು ತಾವೇ ಅಣ್ಣಾ ಲೇ ಎಂದು ಮಾತಾಡಲು ಕಲಿತರು. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿತು. ಬೆವರಿನಿಂದ ಬಂದದ್ದಕ್ಕೆ ಹೆಮ್ಮೆ ಪಡದಿದ್ದರೆ ಇನ್ಯಾವುದಕ್ಕೆ ಪಡಬೇಕು?

ಆದರೆ ಊರೆಲ್ಲ ಕೇಳುವ ಪದವನ್ನು ಅವ್ವ ಕೇಳುತ್ತಿರಲಿಲ್ಲ. ಟೀವಿಯಲ್ಲಿ ನಾನು ಬಂದರೆ ಸೌದೆ ತರುತ್ತೇನೆ ಎಂದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಸಲ ಕೈ ಹಿಡಿದು ಕೂರಿಸಿಕೊಂಡೆ.

"ನನ್ ಜೊತೆ ಒಂದೇ ಒಂದು ಪದ ಹೇಳವ್ವ. ನಿನ್ನಿಂದ್ಲೇ ಬಂದದ್ದು ಇದೆಲ್ಲ."

"ನನ್ ಬಾಯಿ ಒಂದ್ಸಲ ಮಾಡಿದ್ದು ಸಾಕು ಮಗ. ಜವಾಬು ಬರದೇ ಇರೋ ಪದ ಎದೇಲಿ ಮುಳ್ಳಿದ್ದಂಗೆ. ಅದು ಆಚಿಗ್ ಬರಗಂಟ ಇನ್ನೊಂದು ಉಟ್ಟಾಕಿಲ್ಲ."

ಹೋದ ವರ್ಷ ಮಳವಳ್ಳಿಯ ಮೈದಾನದಲ್ಲಿ ನಮ್ಮ ಕಾರ್ಯಕ್ರಮ ಇತ್ತು. ಹೊತ್ತು ಮುಳುಗುವ ಮುಂಚೆ ಮುಗಿಸಿ ವೇದಿಕೆ ಇಳಿದರೆ, ಸೆಲ್ಫಿ ಹುಡುಗರ ಹಿಂದೆ ಕಬ್ಬಿನ ಹಾಲಿನ ಗಾಡಿಗೆ ಒರಗಿ ಒಬ್ಬ ಮುದುಕರು ನಿಂತಿದ್ದರು. ಹೆಗಲ ಮೇಲೆ ವಲ್ಲಿ. ಚಿಕ್ಕಣ್ಣ ಮಾವ. ನಾನು ಹೋಗಿ ಕಾಲು ಮುಟ್ಟಿದೆ.

"ಚೆನ್ನಾಗ್ ಹೇಳ್ತೀಯ ಕಣ್ಲಾ. ಉಸ್ರು ಬುಡೋ ಜಾಗ ನಿಮ್ಮವ್ವಂದೇ," ಎಂದರು. ಕೈಯಲ್ಲಿದ್ದ ಕಬ್ಬಿನ ಹಾಲನ್ನು ಗುಟುಕರಿಸಿ, "ಅವ್ಳು ಹೇಳ್ತಾಳಾ ಈಗ?"

"ಇಲ್ಲ ಮಾವ. ಅವತ್ತೇ ನಿಲ್ಸಿ ಬುಟ್ಲು."

ಅವರು ಕಬ್ಬಿನ ಹಾಲಿನ ಲೋಟವನ್ನು ಗಾಡಿಯ ಮೇಲಿಟ್ಟರು. ಮತ್ತೆ ಎತ್ತಿಕೊಂಡರು. ಮತ್ತೆ ಇಟ್ಟರು.

"ಅವತ್ತು ವಡೆ ಕೈಗ್ ಕೊಟ್ರೆ ನಮ್ಮವ್ವ, ಬೀಗಿತಿ ಏನ್ ಪದ ಹೇಳುದ್ಲು ಹೇಳ್ಲಾ ಅಂದ್ಲು. ಕ್ವಾಪದಲ್ಲಿ ಇದ್ದದ್ ಇದ್ದಂಗೇ ಹೇಳ್ದೆ. ಬೆಕ್ಕು ಅಂದವ್ಳೆ ಕಣವ್ವ ನಿನ್ನ ಅಂದೆ. ನಕ್ಕೂ ನಕ್ಕೂ ವಡೆ ಗಂಟ್ಲಿಗ್ ಸಿಕ್ಕಾಕಂತು. ಎಲ್ಡು ವರ್ಸ ಬದುಕಿದ್ಲು, ದಿನಾ ಒತ್ತಾರೆ ನನ್ ಕೈಲಿ ಆ ಪದ ಹೇಳ್ಸವ್ಳೆ. ಬೆಕ್ಕು ಎದ್ದೈತೆ ಕಣ್ಲಾ, ಪದ ಹೇಳು ಅನ್ನೋಳು."

"ಮತ್ಯಾಕ್ ಮಾವ ನಮ್ಗೆ ಹೇಳ್ನಿಲ್ಲ?"

"ಎಲೆ ಬುಟ್ಟು ಎದ್ ಬಂದವ್ನು ನಾನು. ಯಾವ್ ಮುಖ ಇಟ್ಕಂಡ್ ಬರ್ಲಿ? ಒಂದ್ ವರ್ಸ ಆಯ್ತು, ಎಲ್ಡಾಯ್ತು. ಕ್ವಾಪ ಎಂದೋ ಓಯ್ತು ಕಣ್ಲಾ, ನಾಚ್ಕೆ ಉಳ್ಕತು." ವಲ್ಲಿಯಿಂದ ಮುಖ ಒರೆಸಿಕೊಂಡರು. "ಬೀಗರೂಟ ಒಂದ್ ಬಾಕಿ ಐತೆ ಅಂತ ನಿಮ್ಮವ್ವಂಗೆ ಹೇಳು."

ಮಾವನ ತಾಯಿ, ಆ ಅಜ್ಜಿ ನಕ್ಕ ವಿಷಯವನ್ನು ರತ್ನಕ್ಕ ಗೌರಿ ಹಬ್ಬಕ್ಕೆ ಬಂದಾಗಲೆಲ್ಲ ಅವ್ವನಿಗೆ ಹೇಳಿದ್ದಳಂತೆ. ತನ್ನ ಸಮಾಧಾನಕ್ಕೆ ಹೇಳುತ್ತಾಳೆ ಎಂದು ಅವ್ವ ನಂಬಿರಲಿಲ್ಲ. ಈಗ ಮಾವನ ಬಾಯಿಂದಲೇ ಕೇಳಿದ್ದನ್ನು ನಾನು ಬಂದು ಹೇಳಿದೆ. ಎದ್ದು ಪಡಸಾಲೆ ಗುಡಿಸತೊಡಗಿದಳು. ಊಟ ಹೊಸ ಮನೆಯಲ್ಲಿ ಹಾಕೋಣ, ಜಾಗ ಇದೆ ಎಂದೆ. ಎಲ್ಲಿ ಎದ್ದರೋ ಅಲ್ಲೇ ಕೂರಬೇಕು ಎಂದಳು. ಹಳೇ ಮನೆ ಮುಂದೆಯೇ ಚಪ್ಪರ ಹಾಕಿಸಿದೆ.

ಹೇಳಿದ ದಿನ ಬೆಳಗಾಗುತ್ತಲೇ ಚಿಕ್ಕಣ್ಣ ಮಾವ ಗೂಡ್ಸ್ ಆಟೋದಲ್ಲಿ ಬಂದಿಳಿದರು, ಜೊತೆಯಲ್ಲಿ ಒಂದು ಬಂಡೂರು ಟಗರು. ಹೆಣ್ಣಿನವರು ತರಬೇಕಾದದ್ದನ್ನು ನೀವ್ಯಾಕೆ ತಂದಿರಿ ಎಂದು ಅಪ್ಪ ಕೇಳಿದ್ದಕ್ಕೆ, ಅವತ್ತಿನ ಟಗರು ನನ್ನಿಂದ ದಂಡ ಆಯ್ತಲ್ಲ ಬೀಗ್ರೇ ಎಂದರು. ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ವಲ್ಲಿಯನ್ನು ಕೈಗೆ ತೆಗೆದುಕೊಂಡು ಸೊಂಟ ಬಗ್ಗಿಸಿ ಒಳಗೆ ಹೋದರು, ನೀರು ಕುಡಿದು ಹೊರಗೆ ಬಂದರು, ಟಗರು ಕಡಿದು ಅಡುಗೆ ಆದ ಮೇಲೆ ಪಂಕ್ತಿಯಲ್ಲಿ ಕೂತರು. ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ತಲೆಮಾಂಸ ಬಂತು. ಅವ್ವ ತಲೆಬಗ್ಗಿಸಿ ಬಡಿಸುತ್ತಿದ್ದಳು. ಆಗ ಗಂಡಿನವರ ಸಾಲಿನಿಂದ, ಅವರ ಮನೆ ಸೊಸೆಯಾಗಿ ಕೂತಿದ್ದ ನನ್ನ ಅಕ್ಕ ರತ್ನ ಎದ್ದು ನಿಂತಳು.

"ಅವ್ವ, ಸೌಟು ಕೆಳುಗ್ ಮಡಗು. ಆ ವಡೆ ತಿಂದ ನಮ್ಮಜ್ಜಿ ನಂಗೆ ಒಂದು ಜವಾಬು ಕಲ್ಸಿ ಓಗವ್ಳೆ. ಎಲೆ ಮುಂದೆ ಅಲ್ದೆ ಇನ್ನೆಲ್ಲೂ ಬಾಯ್ ಬುಡಬ್ಯಾಡ ಅಂತ ಆಣೆ ಆಕ್ಸಿದ್ಲು. ಕೇಳುಸ್ಕೊ."

ಸೊಂಟಕ್ಕೆ ಕೈಯಿಟ್ಟು, ಹುಟ್ಟಿದ ಮನೆಯ ಮುಖಕ್ಕೇ ಹಾಡಿದಳು:

"ಕೇಳವ್ವ ಬೀಗಿತಿ ಮದ್ದೂರು ಸೀಮೆಯೋಳೆ,
ಓದ್ಸಾಕೆ ಕಳ್ಸೋ ಮಗನ ವಡೆ ಎಣ್ಸಾಕೆ ಕಳ್ಸುದೋಳೆ,
ಮೂರು ವಡೆ ಕಟ್ಟುದ್ರೆ ಎರಡು ಎಂದ ನಿನ್ನ ಕಂದ,
ಲೆಕ್ಕ ಬರದ ಕೂಸಿಗೆ ಯಾವ ಮೇಷ್ಟ್ರು ಪಾಸು ಅಂದ?"

ನಾನು ಕಲ್ಲಾದೆ. ಇಷ್ಟು ವರ್ಷ ಅವ್ವ ಮುಚ್ಚಿಟ್ಟಿದ್ದನ್ನು, ಹಾಸಿಗೆ ಬಿಟ್ಟೇಳದ ಆ ಅಜ್ಜಿ ಅಂದೇ ಕಂಡುಹಿಡಿದಿದ್ದಳು. ಪದ ಹೇಳುವವಳಿಗೆ ಗೊತ್ತಿರುವುದಿಲ್ಲವೇ, ಯಾವ ಪದದ ಹಿಂದೆ ಯಾವ ಮಗು ಜಗ್ಗು ಹಿಡಿದು ನಿಂತಿರುತ್ತದೆ ಎಂದು? ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ಒಂದು ಕಾಯಿ ತಪ್ಪದ ಹಾಗೆ ಲಾರಿ ಎಣಿಸುವ ಗಂಡಸು, ಜೀವನದಲ್ಲಿ ಮೊದಲು ಎಣಿಸಿದ್ದೇ ತಪ್ಪು. ಸಿದ್ದರಾಜು ನೆಲಕ್ಕೆ ಉರುಳಿ ನಗುತ್ತಿದ್ದ. ಇಮ್ರಾನ್ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದಿದ್ದ. ಮೊದಲು ಅವ್ವನ ಭುಜ ಕುಲುಕಿತು. ಅಳುತ್ತಾಳೆ ಅಂದುಕೊಂಡೆ. ಆಮೇಲೆ ಸದ್ದು ಹೊರಗೆ ಬಂತು, ಆ ಹಳೇ ನಗು, ಒಲೆ ಮುಂದಿನ ನಗು. ಅಪ್ಪ ಎಲೆ ಮುಂದೆ ಕೂತಲ್ಲೇ ಕಣ್ಣು ಒರೆಸಿಕೊಂಡ.

"ತಡೀರಿ, ಯಾರೂ ಎಲೆ ಬುಟ್ಟು ಏಳಂಗಿಲ್ಲ," ಎಂದಳು ಅವ್ವ, ಸೆರಗು ಸಿಕ್ಕಿಸಿಕೊಳ್ಳುತ್ತಾ. "ನಂದೂ ಒಂದೈತೆ."

ಸಿದ್ದರಾಜು ಎದ್ದು ಕೂತು ಖಾಲಿ ತಪ್ಪಲೆಯನ್ನು ಮಗುಚಿ ಮುಂದಕ್ಕೆ ಎಳೆದುಕೊಂಡ. ಚಿಕ್ಕಣ್ಣ ಮಾವ ಎಡಗೈಯಿಂದ ಹೆಗಲ ಮೇಲಿನ ವಲ್ಲಿ ತೆಗೆದು, ಪಂಕ್ತಿಗೆಲ್ಲ ಕಾಣುವ ಹಾಗೆ ಮೂರು ಸಲ ಕೊಡವಿದರು.

"ಮೊದ್ಲು ನೋಡ್ಕೊ ಬೀಗಿತಿ. ಖಾಲಿ ಐತೆ. ಈಗ ಹೇಳು."